ಚಹಾದಿಂದ ಏಳುವುದು ಆವಿಯಾ, ಹಬೆಯಾ? ಮಗಳ ಪುಸ್ತಕದಲ್ಲಿ ಕೆಂಪು ಗೆರೆ

ಪೆರ್ಲದ ಟೈಪಿಸ್ಟ್

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ. ಪ್ರಶ್ನೆ ಸಣ್ಣದು. ಆದರೆ ನಮ್ಮ ಮನೆಯಲ್ಲಿ ಮೂರು ದಿನದಿಂದ ಊಟಕ್ಕೆ ಕೂತಾಗೆಲ್ಲ ಇದೇ ಮಾತು. ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ.

ಮಗಳು ಐದನೇ ಕ್ಲಾಸು, ಕನ್ನಡ ಮೀಡಿಯಂ. 'ಮಳೆಗಾಲದ ಒಂದು ಸಂಜೆ' ಅಂತ ಒಂದು ಪುಟ ಬರೆದುಕೊಂಡು ಹೋಗಿದ್ದಳು. ಅದರಲ್ಲಿ ಒಂದು ವಾಕ್ಯ ಹೀಗಿದೆ: "ಅಜ್ಜಿ ತಂದ ಚಹಾದಿಂದ ಆವಿ ಹಾರುತ್ತಿತ್ತು." ಟೀಚರ್ ಅದಕ್ಕೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ "ಹಬೆಯಾಡುತ್ತಿತ್ತು" ಅಂತ ಬರೆದಿದ್ದಾರೆ. ಹತ್ತಕ್ಕೆ ಒಂಬತ್ತು ಸಿಕ್ಕಿದೆ. ಒಂಬತ್ತರ ಖುಷಿ ಇಲ್ಲ, ಹೋದ ಒಂದರ ಬೇಜಾರೇ ಜಾಸ್ತಿ.

ನನ್ನ ಹೆಂಡತಿ ನಂಜನಗೂಡಿನ ಕಡೆಯವಳು. ಪುಸ್ತಕ ನೋಡಿದ್ದೇ, "ಟೀಚರ್ ಸರಿಯಾಗೇ ತಿದ್ದಿದ್ದಾರೆ. ಆವಿ ಅನ್ನೋದು ಮಲಯಾಳ. ನೀವೆಲ್ಲ ಇಲ್ಲಿ ಕಲಸಿ ಮಾತಾಡ್ತೀರ" ಅಂದಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಶೀತ ಆಗಿ ಡಾಕ್ಟರ ಹತ್ತಿರ ಹೋಗಿದ್ದೆವು. ಅಲ್ಲಿನ ನರ್ಸ್ "ಆವಿ ಪಿಡಿಕ್ಕಣಂ" ಅಂದರು. ನಾನು ಅದನ್ನೇ ಕನ್ನಡ ಮಾಡಿ "ಆವಿ ಹಿಡಿಯಬೇಕಂತೆ" ಅಂದೆ. "ಹಿಡಿಯೋದು ಹೇಗೆ, ಬೊಗಸೆಯಲ್ಲಾ?" ಅಂತ ಕೇಳಿದ್ದಳು. ಅವರ ಊರಲ್ಲಿ ಹಬೆ ತಗೊಳ್ಳುತ್ತಾರಂತೆ. ಅವತ್ತಿನಿಂದಲೇ ಅವಳಿಗೆ 'ಆವಿ'ಯ ಮೇಲೆ ಸಂಶಯ.

ಅಮ್ಮನದ್ದು ಇನ್ನೊಂದು ಲೋಕ. ಮನೆಯಲ್ಲಿ ನಾವು ತುಳು ಮಾತಾಡುವವರು. ಅಮ್ಮನಿಗೆ ಆವಿಯೂ ಇಲ್ಲ, ಹಬೆಯೂ ಇಲ್ಲ. ಚಹಾದ ಮೇಲೆ ಏಳುವುದೂ, ಹಸಿ ಸೌದೆ ಹಾಕಿದಾಗ ಒಲೆಯಿಂದ ಬರುವುದೂ, ಅಜ್ಜ ಬೀಡಿ ಎಳೆದು ಬಿಡುತ್ತಿದ್ದದ್ದೂ ಎಲ್ಲ 'ಪುಗೆ'. "ಪುಗೆ ಬರೊಂದುಂಡು" ಅಂದರೆ ಚಹಾ ಬಿಸಿ ಇದೆ ಅಂತ ಅರ್ಥ, ಅಷ್ಟೇ. ಈ ಗಲಾಟೆಗೆಲ್ಲ ಅವರು ನಗುತ್ತಾರೆ.

ನಾನು ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಶಾಲೆಗಳ ಪ್ರಶ್ನೆಪತ್ರಿಕೆ, ಎಲ್ಲ ಟೈಪ್ ಮಾಡುತ್ತೇನೆ. ಹತ್ತು ವರ್ಷದ ಹಿಂದೆ ಒಂದು ವಿಜ್ಞಾನದ ಪತ್ರಿಕೆಯಲ್ಲಿ "ನೀರಾವಿ ಎಂದರೇನು?" ಅಂತ ಹೊಡೆಯಬೇಕಾದಲ್ಲಿ "ನೀರಾವರಿ ಎಂದರೇನು?" ಅಂತ ಹೊಡೆದುಬಿಟ್ಟಿದ್ದೆ. ಮಕ್ಕಳು ಸಾಲುಸಾಲಾಗಿ ಕಾಲುವೆ, ಪಂಪ್‌ಸೆಟ್, ತುಂತುರು ಅಂತ ಬರೆದರು. ಅದರಲ್ಲಿ ಒಬ್ಬ, ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಕೊರೆಯುವ ಸುರಂಗದ ಚಿತ್ರವನ್ನೂ ಬಿಡಿಸಿದ್ದನಂತೆ. ಎಲ್ಲರಿಗೂ ಮಾರ್ಕು ಕೊಡಬೇಕಾಯಿತು, ನನಗೆ ಚೆನ್ನಾಗಿ ಉಗಿದರು. ಹಾಗಾಗಿ ಈ ಪದಗಳ ವಿಷಯದಲ್ಲಿ ನನಗೆ ಸ್ವಲ್ಪ ಅಳುಕು ಇದ್ದೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಆವಿ ನಿಜಕ್ಕೂ ಮಲಯಾಳದಿಂದ ಬಂದದ್ದಾ? ಆವಿ, ಹಬೆ, ಉಗಿ, ಬಾಷ್ಪ ಇಷ್ಟು ಪದ ಇಟ್ಟುಕೊಂಡು ನಾವು ಮಾಡುವುದೇನು, ಎಲ್ಲ ಒಂದೇ ಅಲ್ವಾ? ಇನ್ನೂ ಒಂದು. ಮೊನ್ನೆ ಇ-ಸಿಗರೇಟು ಬೇಡ ಅಂತ ಒಂದು ನೋಟಿಸು ಟೈಪ್ ಮಾಡಲು ಬಂತು. ಅದರಲ್ಲಿ 'ಹೊಗೆ' ಅಂತ ಬರೆಯುವುದೋ, 'ಆವಿ' ಅಂತ ಬರೆಯುವುದೋ ತಿಳಿಯಲಿಲ್ಲ. ಕೊಟ್ಟವರಿಗೂ ಗೊತ್ತಿರಲಿಲ್ಲ. ಕೊನೆಗೆ 'ಹೊಗೆ' ಅಂತಲೇ ಹೊಡೆದು ಕೊಟ್ಟೆ.

ಮಂಡ್ಯದ ಹೈದ

ನಮ್ ಕಡೆ ಹಬೆನೇ ಸಾರ್. ಆವಿ ಅಂದ್ರೆ ಸ್ಕೂಲ್ ಪಾಠ. ಇನ್ನು 'ಉಗಿ' ಅನ್ನೋದನ್ನ ಮಾತ್ರ ಬರೀಬೇಡಿ. "ಟೀ ಉಗಿ" ಅಂದ್ರೆ ನಮ್ಮೂರಲ್ಲಿ ಕುಡಿದಿದ್ದನ್ನ ಥೂ ಅಂತ ಉಗಿದುಬಿಡ್ತಾರೆ. ನಿಮಗೆ ಪ್ರಶ್ನೆಪತ್ರಿಕೆಗೆ ಉಗಿದರಲ್ಲ, ಅದೇ ಉಗಿ.

ಕುಂಬಳೆ ಮಾಷ್ಟ್ರು

ಟೈಪಿಸ್ಟರೇ, ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿ ಈಗ ಮನೆಯಲ್ಲಿ ಕೂತವನು. ನೀರಾವರಿ ಕಥೆ ಓದಿ ನಕ್ಕೂ ನಕ್ಕೂ ಸಾಕಾಯಿತು. ಅದು ನಮ್ಮ ಶಾಲೆಯ ಪತ್ರಿಕೆ ಆಗಿರಲಿಕ್ಕಿಲ್ಲ ಅಂದುಕೊಳ್ಳುತ್ತೇನೆ.

ವಿಜ್ಞಾನದ ಲೆಕ್ಕದಲ್ಲಿ ಹೇಳುವುದಾದರೆ ನಿಮ್ಮ ಮಗಳು ಬರೆದದ್ದೂ ಪೂರ್ತಿ ಸರಿಯಲ್ಲ. ಯಾಕೆಂದರೆ ನೀರಿನ ಆವಿ ಕಣ್ಣಿಗೆ ಕಾಣುವುದೇ ಇಲ್ಲ. ಗಾಳಿ ಹೇಗೆ ಕಾಣುವುದಿಲ್ಲವೋ ಹಾಗೆ. ಚಹಾದ ಮೇಲೆ ಬಿಳಿಯಾಗಿ ಸುತ್ತುತ್ತಾ ಏಳುತ್ತದಲ್ಲ, ಅದು ಆವಿಯಲ್ಲ. ಆವಿ ಮೇಲೆ ಬಂದು ತಣ್ಣನೆ ಗಾಳಿ ತಾಗಿದ ಕೂಡಲೇ ಪುನಃ ನೀರಾಗುತ್ತದೆ. ಆ ಸಣ್ಣ ಸಣ್ಣ ನೀರಹನಿಗಳೇ ನಮಗೆ ಕಾಣುವುದು. ಆಕಾಶದ ಮೋಡವೂ ಇದೇ, ಚಳಿಗಾಲದಲ್ಲಿ ಬೆಳಿಗ್ಗೆ ಪಯಸ್ವಿನಿ ಹೊಳೆಯ ಮೇಲೆ ಕೂತಿರುವ ಮಂಜೂ ಇದೇ.

ನಂಬದಿದ್ದರೆ ಮನೆಯಲ್ಲೇ ನೋಡಬಹುದು. ಮೂತಿ ಇರುವ ಕೆಟಲಿನಲ್ಲಿ ನೀರು ಕುದಿಸಿ. ಜೋರು ಕುದಿ ಬಂದಾಗ ಮೂತಿಯ ತುದಿಯನ್ನು ಬದಿಯಿಂದ ನೋಡಿ. ಬಿಳಿ ಬಣ್ಣ ಮೂತಿಯಿಂದಲೇ ಶುರುವಾಗುವುದಿಲ್ಲ. ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ ಇದ್ದ ಹಾಗೆ ಕಾಣುತ್ತದೆ. ಆ ಖಾಲಿ ಜಾಗದಲ್ಲಿರುವುದೇ ನಿಜವಾದ ಆವಿ. ಅಲ್ಲಿಗೆ ಮಾತ್ರ ಬೆರಳು ಹಾಕಬೇಡಿ. ಒಂದು ಗ್ರಾಂ ಕುದಿನೀರು ಮೈಯ ಬಿಸಿಗೆ ಇಳಿಯುವಾಗ ಸುಮಾರು 63 ಕ್ಯಾಲೊರಿ ಶಾಖ ಬಿಡುತ್ತದೆ. ಒಂದು ಗ್ರಾಂ ಆವಿ ಬರೇ ನೀರಾಗುವುದಕ್ಕೇ 540 ಕ್ಯಾಲೊರಿ ಬಿಡುತ್ತದೆ, ಆಮೇಲೆ ಆ 63 ಬೇರೆ. ಹಾಗಾಗಿ ಕುದಿನೀರಿಗಿಂತ ಅದರ ಆವಿ ತಾಗಿದ ಗಾಯವೇ ಜೋರು.

ಪಾಠದಲ್ಲಿ ನಾನು ಹೀಗೆ ಹೇಳಿಕೊಡುತ್ತಿದ್ದೆ: ಕುದಿಸದೆಯೂ ಆಗುತ್ತದೆ, ಅದು ಆವಿ. ಒಲೆ ಬೇಕು, ಅದು ಹಬೆ. ಬಟ್ಟೆ ಒಣಗುವುದು ನೀರು ಆವಿಯಾಗಿ. ಅಲ್ಲಿ ಕುದಿ ಇಲ್ಲ, ಒಲೆ ಇಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಯಾಕೆಂದರೆ ಗಾಳಿಯಲ್ಲಿ ಮೊದಲೇ ಆವಿ ತುಂಬಿದೆ, ಇನ್ನು ಜಾಸ್ತಿ ಹಿಡಿಸುವುದಿಲ್ಲ. ಇಲ್ಲಿ ಹಬೆ ಅನ್ನಲು ಸಾಧ್ಯವೇ ಇಲ್ಲ. "ಬಟ್ಟೆಯ ನೀರು ಹಬೆಯಾಯಿತು" ಅಂದರೆ ಬಟ್ಟೆಯನ್ನು ಇಡ್ಲಿ ಪಾತ್ರೆಯಲ್ಲಿ ಇಟ್ಟ ಹಾಗಾಗುತ್ತದೆ.

ಉಗಿ ಅಂದರೂ ಹಬೆಯೇ. ಆದರೆ ಕೆಲಸ ಮಾಡಿಸುವ ಹಬೆಗೆ ನಾವು ಉಗಿ ಅನ್ನುವುದು ಹೆಚ್ಚು. ಉಗಿಯಂತ್ರ, ಉಗಿಬಂಡಿ. ಒಂದು ಲೀಟರ್ ನೀರು ಪೂರ್ತಿ ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಬೇಕು. ಅಷ್ಟು ಜಾಗ ಕೊಡದೆ ಮುಚ್ಚಿಟ್ಟರೆ ಅದು ನೂಕುತ್ತದೆ. ರೈಲು ಓಡಿದ್ದು ಆ ನೂಕಿಗೆ, ಕುಕ್ಕರ್ ಕೂಗುವುದೂ ಅದಕ್ಕೇ.

ಇ-ಸಿಗರೇಟಿನದ್ದು ಹೊಗೆಯಲ್ಲ. ಹೊಗೆ ಅಂದರೆ ಏನಾದರೂ ಉರಿದಿರಬೇಕು. ಅಲ್ಲಿ ಉರಿಯುವುದಿಲ್ಲ, ದ್ರವವನ್ನು ಬಿಸಿ ಮಾಡುತ್ತಾರೆ, ಅಷ್ಟೇ. ಹೊರಗೆ ಬರುವುದು ನಿಕೋಟಿನ್ ಸೇರಿದ ಸಣ್ಣ ಹನಿಗಳು. ಆವಿ ಅಂದರೆ ಮಾರುವವರಿಗೆ ಖುಷಿ, ನೀರಿನ ಹಬೆಯ ಹಾಗೆ ಸಾಧು ಅನ್ನಿಸುತ್ತದೆ. ನೀವು 'ಹೊಗೆ' ಅಂತ ಹೊಡೆದದ್ದು ವಿಜ್ಞಾನಕ್ಕೆ ತಪ್ಪು. ನೋಟಿಸಿಗೆ ತಪ್ಪಲ್ಲ ಅಂತ ನನ್ನ ಅಭಿಪ್ರಾಯ. 2019ರಲ್ಲಿ ಕಾನೂನು ತಂದು ದೇಶದಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ. ಹೆಸರು ಏನಾದರೂ ಇರಲಿ, ಮಕ್ಕಳ ಕೈಗೆ ಸಿಗದಿದ್ದರೆ ಆಯಿತು.

ಹಾಂ, ಇನ್ನೊಂದು ಮರೆತೆ. ಕರ್ಪೂರದ ಡಬ್ಬಿ ಮುಚ್ಚದೆ ಬಿಟ್ಟರೆ ಕರ್ಪೂರ ಸಣ್ಣದಾಗುತ್ತಾ ಹೋಗುತ್ತದಲ್ಲ? ಅಲ್ಲಿ ನೀರಾಗುವುದೇ ಇಲ್ಲ, ಗಟ್ಟಿಯಾಗಿ ಇದ್ದದ್ದು ನೇರ ಆವಿ. ನಮ್ಮ ಅಜ್ಜಿ ಡಬ್ಬಿಗೆ ನಾಲ್ಕು ಕಾಳುಮೆಣಸು ಹಾಕಿಡುತ್ತಿದ್ದರು. ಕರ್ಪೂರ ಉಳಿದದ್ದು ಮೆಣಸಿನಿಂದಲೋ, ಅಜ್ಜಿ ಮುಚ್ಚಳ ಬಿಗಿಯಾಗಿ ತಿರುಗಿಸುತ್ತಿದ್ದದ್ದರಿಂದಲೋ ಅಂತ ನನಗೆ ಈಗಲೂ ಅನುಮಾನ.

ಹೊಸೂರಿನವ

ನಾನು ತಮಿಳುನಾಡಿನ ಹೊಸೂರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮತ್ತು ತೆಲುಗು. ನಿಮ್ಮ ಮನೆಯವರಿಗೆ ಹೇಳಿ ಅಣ್ಣ, ಆವಿ ಮಲಯಾಳದವರ ಸ್ವಂತ ಆಸ್ತಿ ಅಲ್ಲ. ತಮಿಳಲ್ಲೂ ಆವಿಯೇ. ತೆಲುಗಲ್ಲಿ ಆವಿರಿ. ಕನ್ನಡದಲ್ಲೂ ಮೊದಲಿನಿಂದ ಇರೋದೇ. ನಾಲ್ಕು ಮನೆಗೂ ಒಂದೇ ಬಾವಿ. ಮೈಸೂರಿನ ಕಡೆ ಆ ಪದ ಅಡುಗೆಮನೆಯಿಂದ ಎದ್ದು ಪಾಠದ ಪುಸ್ತಕಕ್ಕೆ ಹೋಯಿತು. ನಿಮ್ಮ ಕಡೆ, ನಮ್ಮ ಕಡೆ ಒಲೆ ಪಕ್ಕದಲ್ಲೇ ಉಳಿದಿದೆ. ಅಷ್ಟೇ ವ್ಯತ್ಯಾಸ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು ಅಂತ ಅಲ್ಲಿನ ಕನ್ನಡ ಪದಗಳೂ ಕೇರಳಕ್ಕೆ ಹೋದವು ಅಂದರೆ ಹೇಗೆ?

ನಿಮ್ಮ ತಾಯಿ ಹೇಳೋ ಪುಗೆಯೂ ಹಾಗೇ. ತಮಿಳಲ್ಲಿ ಪುಗೈ, ಮಲಯಾಳದಲ್ಲಿ ಪುಗ, ತೆಲುಗಲ್ಲಿ ಪೊಗ, ಹಳಗನ್ನಡದಲ್ಲಿ ಪೊಗೆ. ನಾವು ಕನ್ನಡದವರು 'ಪ' ಬಿಟ್ಟು 'ಹ' ಹಿಡಿದೆವು, ಹೊಗೆ ಆಯಿತು. ಹಾಲು, ಹೂವು, ಹುಲಿ ಎಲ್ಲ ಹಾಗೆ ಆದದ್ದೇ.

ಆದರೆ ತಮಿಳಲ್ಲಿ ಆವಿಗೆ ಇನ್ನೊಂದು ಅರ್ಥ ಇದೆ. ಉಸಿರು, ಜೀವ, ಆತ್ಮ. ದೆವ್ವಕ್ಕೂ ಆವಿ ಅಂತಾರೆ. ಚರ್ಚಿನಲ್ಲಿ ಪವಿತ್ರಾತ್ಮನಿಗೆ 'ಪರಿಸುತ್ತ ಆವಿ' ಅನ್ನೋದು. ನಿಮ್ಮ ಮಗಳ ವಾಕ್ಯವನ್ನು ನಮ್ಮ ಪಕ್ಕದ ಮನೆಯ ತಮಿಳು ಅಜ್ಜಿಗೆ ಓದಿ ಹೇಳಿದೆ. "ಅಜ್ಜಿ ತಂದ ಚಹಾದಿಂದ ಆತ್ಮ ಹಾರಿಹೋಯ್ತಾ? ಪಾಪ, ಯಾರು ಕುಡಿದವರು?" ಅಂತ ಕೇಳಿದರು.

ರೈಲಿನ ವಿಷಯ ಮಾಷ್ಟ್ರು ಹೇಳಿದರಲ್ಲ. ತಮಿಳಿನವರು ಅದರ ಹೊಗೆ ನೋಡಿ ಪುಗೈವಂಡಿ ಅಂದರು. ಮಲಯಾಳದವರು ಬೆಂಕಿ ನೋಡಿ ತೀವಂಡಿ ಅಂದರು. ಕನ್ನಡದವರಿಗೆ ಹೊಗೆಬಂಡಿಯೂ ಆಯಿತು, ಉಗಿಬಂಡಿಯೂ ಆಯಿತು. ಒಂದೇ ರೈಲು, ಯಾರ ಕಣ್ಣಿಗೆ ಯಾವುದು ಬಿತ್ತೋ ಅದು.

ಪೆರ್ಲದ ಟೈಪಿಸ್ಟ್

ಹೊಸೂರಿನ ಅಣ್ಣ, ನಿಮ್ಮ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹೆಂಡತಿ "ಆಯ್ತು, ಆವಿ ಕನ್ನಡವೇ, ಆದರೂ ಟೀಗೆ ಹಬೆಯೇ" ಅಂದಳು. ಅರ್ಧ ಗೆದ್ದೆ.

ನನ್ನ ಅಜ್ಜ ಹೊಗೆಬಂಡಿ ಅಂತಲೇ ಹೇಳುತ್ತಿದ್ದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅವರ ಅಪ್ಪ ಕುಂಬಳೆಗೆ ನಡೆದುಕೊಂಡು ಹೋಗಿ ಬರೇ ನೋಡಿ ಬಂದಿದ್ದರಂತೆ, ಹತ್ತಲಿಲ್ಲ. ಹತ್ತದವರಿಗೆ ಹೊಗೆಯೇ ಕಾಣುವುದು ಅಲ್ವಾ?

ನೀರ್ಚಾಲಿನ ಅಕ್ಕ

ನಾನು ಅಡುಗೆಯವಳು. ಉಪನಯನ, ಗೃಹಪ್ರವೇಶಕ್ಕೆಲ್ಲ ಕೊಟ್ಟಿಗೆ, ಮೂಡೆ ಮಾಡಿ ಕೊಡುತ್ತೇನೆ. ಎರಡೂ ಹಿಟ್ಟನ್ನು ಎಲೆಯಲ್ಲಿ ಹಾಕಿ ಹಬೆಯಲ್ಲಿ ಬೇಯಿಸುವ ತಿಂಡಿ. ನಿಮ್ಮ ಪುಸ್ತಕದ ವಿಚಾರ ನನಗೆ ಅಷ್ಟು ತಿಳಿಯದು. ಹಬೆಯ ವಿಚಾರ ಮಾತ್ರ ಗೊತ್ತು, ದಿನಾ ಅದರ ಎದುರೇ ನಿಲ್ಲುವುದಲ್ಲವಾ.

ನಮ್ಮಲ್ಲಿ ಹಬೆಗೆ ಅಟ್ಟಿನಳಗೆ. ಕೆಳಗೆ ನೀರು, ನಡುವೆ ತೂತಿನ ತಟ್ಟೆ, ಮೇಲೆ ಮುಚ್ಚಳ. ತುಳುವಿನವರು, ಕೊಂಕಣಿಯವರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ. ನೀರು ಕುದಿದ ಕೂಡಲೇ ಕೊಟ್ಟಿಗೆ ಇಡಬಾರದು. "ಹಬೆ ಮೇಲೆ ಬಂದ ಮತ್ತೆ ಮಡುಗೆಕ್ಕು" ಅಂತ ನನ್ನ ಅತ್ತೆ ಹೇಳಿಕೊಟ್ಟದ್ದು. ಮೇಲೆ ಬಂತು ಅಂತ ಹೇಗೆ ಗೊತ್ತಾಗುವುದು? ಮುಚ್ಚಳದ ಅಂಚಿನಲ್ಲಿ ಮೊದಲು ಒಂದು ಕಡೆ ಮಾತ್ರ ಹೊಗೆ ಕಾಣುತ್ತದೆ. ಸುತ್ತಲೂ ಬರಲು ಶುರುವಾದರೆ ಹಬೆ ತುಂಬಿತು ಅಂತ. ಆಗ ಇಟ್ಟರೆ ಮುಕ್ಕಾಲು ಗಂಟೆಯಲ್ಲಿ ಬೇಯುತ್ತದೆ. ಮೊದಲೇ ಇಟ್ಟರೆ ಅಡಿ ಬೇಯುತ್ತದೆ, ನಡು ಹಿಟ್ಟು ಹಿಟ್ಟು.

ನೋಡಿ, ನಾನೇ ಈಗ ಹೊಗೆ ಅಂತ ಬರೆದೆ! ಕಾಣುವುದಕ್ಕೆ ಹೊಗೆ, ಬೇಯಿಸುವುದಕ್ಕೆ ಹಬೆ. ಬಾಯಿಗೆ ಹಾಗೇ ಬರುವುದು.

ಇನ್ನೊಂದು ಉಪಾಯ ಹೇಳುತ್ತೇನೆ. ಅಟ್ಟಿನಳಗೆಯ ಅಡಿಯ ನೀರಿಗೆ ಒಂದು ನಾಣ್ಯ ಹಾಕಿ. ನೀರು ಕುದಿಯುವಷ್ಟು ಹೊತ್ತು ಅದು ಕಟಕಟ ಅನ್ನುತ್ತಾ ಇರುತ್ತದೆ. ಶಬ್ದ ನಿಂತರೆ ನೀರು ಆರಿತು, ಓಡಿ ಬಂದು ಬಿಸಿನೀರು ಹೊಯ್ಯಬೇಕು. ನಾನು ಹಳೆಯ ಎರಡು ರೂಪಾಯಿ ಹಾಕುವುದು. ಒಮ್ಮೆ ಒಂದು ಮನೆಯಲ್ಲಿ ಮಕ್ಕಳು ಅದನ್ನು ತೆಗೆದುಕೊಂಡು ಅಂಗಡಿಗೆ ಹೋಗಿಬಿಟ್ಟಿದ್ದರು. ನನಗೆ ಗೊತ್ತಾದದ್ದು ಅಡಿ ಸೀದ ವಾಸನೆ ಬಂದಾಗ. ಅರವತ್ತು ಕೊಟ್ಟಿಗೆ ಹೋಯಿತು.

ಮುಚ್ಚಳದ ಒಳಗೆ ಬೆವರುತ್ತದಲ್ಲ, ಆ ನೀರು ಮೂಡೆಯ ಮೇಲೆ ಬಿದ್ದರೆ ಮೇಲ್ಭಾಗ ನೀರುನೀರಾಗುತ್ತದೆ. ಹಾಗಾಗಿ ಮುಚ್ಚಳದ ಕೆಳಗೆ ಒಂದು ತೆಳು ಬೈರಾಸು, ಅಂದರೆ ಟವೆಲು, ಹಾಸುವುದು. ಮುಚ್ಚಳ ತೆಗೆಯುವಾಗ ನಮ್ಮ ಮೈಯ ಕಡೆಗಲ್ಲ, ಆಚೆ ಕಡೆಗೆ ಓರೆ ಮಾಡಿ ತೆಗೆಯಬೇಕು. ನನ್ನ ಎಡ ಮೊಣಕೈಯಲ್ಲಿ ಈಗಲೂ ಒಂದು ಬಿಳಿ ಕಲೆ ಇದೆ. ಮಾಷ್ಟ್ರು 540 ಅಂದದ್ದು ಅದೇ ಇರಬೇಕು.

ಕರಡು ತಿದ್ದುವವಳು

ನಾನು ಮಂಜೇಶ್ವರದವಳು. ಮಂಗಳೂರಿನಲ್ಲಿ ಕರಡು ತಿದ್ದುವ ಕೆಲಸ. ಟೈಪಿಸ್ಟ್ ಅಣ್ಣನ ಪ್ರಶ್ನೆಗೆ ನನ್ನದೂ ಎರಡು ಮಾತು.

ಈ ಪದಗಳ ಅರ್ಥ ಒಂದೇನಾ ಅಂತ ಕೇಳಿದರೆ ಹೌದೂ ಅನ್ನಬಹುದು, ಅಲ್ಲವೂ ಅನ್ನಬಹುದು. ನಾನು ನೋಡುವುದು ಅವುಗಳ ಜೊತೆಗಾರರನ್ನು. ಸಾಲ ಕೊಟ್ಟ ದುಡ್ಡು ಆವಿಯಾಗುತ್ತದೆ, ಹಬೆಯಾಗುವುದಿಲ್ಲ. ಇಡ್ಲಿ ಹಬೆಯಾಡುತ್ತದೆ, ಆವಿಯಾಡುವುದಿಲ್ಲ. ಮಗಳ ಮದುವೆಯಲ್ಲಿ ಅಪ್ಪನಿಗೆ ಬರುವುದು ಆನಂದಬಾಷ್ಪ. ಅಲ್ಲಿ ಆನಂದದ ಹಬೆ ಅಂತ ಹಾಕಿದರೆ ಅಪ್ಪನನ್ನೇ ಅಟ್ಟಿನಳಗೆಯಲ್ಲಿ ಇಟ್ಟ ಹಾಗೆ. ಬಾಷ್ಪ ಸಂಸ್ಕೃತದ ಪದ. ಅದಕ್ಕೆ ಆವಿ ಅಂತಲೂ ಅರ್ಥ, ಕಣ್ಣೀರು ಅಂತಲೂ ಅರ್ಥ. ಕನ್ನಡದಲ್ಲಿ ಕಣ್ಣೀರಿನ ಅರ್ಥ ಮಾತಿನಲ್ಲಿ ಉಳಿಯಿತು. ಆವಿಯ ಅರ್ಥ ಬಾಷ್ಪೀಕರಣ ಅಂತ ಪಾಠಕ್ಕೆ ಹೋಯಿತು.

ನನಗೆ ತುಂಬ ಇಷ್ಟವಾದದ್ದು 'ಬಟ್ಟಿ ಇಳಿಸುವುದು'. ಕುದಿಸಿ ಆವಿ ಮಾಡಿ, ಆ ಆವಿಯನ್ನು ತಣಿಸಿ ಹನಿಗಟ್ಟಿಸುವ ಕೆಲಸ ಅದು. ಮೇಲೆ ಏರುವ ಆವಿಯ ಮಾತೇ ಆ ಹೆಸರಿನಲ್ಲಿ ಇಲ್ಲ. ಕೊನೆಗೆ ಕೆಳಗೆ ಇಳಿಯುವ ಹನಿಯ ಮೇಲೇ ಎಲ್ಲರ ಕಣ್ಣು. ಕುಡಿಯುವವರು ಇಟ್ಟ ಹೆಸರೇ ಇರಬೇಕು!

ಈಗ ನಿಮ್ಮ ಮಗಳ ವಾಕ್ಯ. ಮಲಯಾಳದಲ್ಲಿ "ಆವಿ ಪರಕ್ಕುನ್ನ ಚಾಯ" ಅಂತ ಧಾರಾಳವಾಗಿ ಹೇಳುತ್ತಾರೆ. ಪರಕ್ಕುಕ ಅಂದರೆ ಹಾರುವುದು. ನಿಮ್ಮ ಹುಡುಗಿ ಆಟದ ಬಯಲಲ್ಲಿ ಕೇಳಿದ್ದನ್ನು ಹಾಗೇ ಕನ್ನಡಕ್ಕೆ ತಂದಿದ್ದಾಳೆ. ಅಂದರೆ ಮಲಯಾಳ ಇರುವುದು ಆವಿಯಲ್ಲಿ ಅಲ್ಲ, 'ಹಾರು'ವಿನಲ್ಲಿ. ಕನ್ನಡದಲ್ಲಿ ಹಬೆ ಏಳುತ್ತದೆ, ಬರುತ್ತದೆ, ಆಡುತ್ತದೆ. ಹಾರುವುದು ಹಕ್ಕಿ, ಧೂಳು, ಮತ್ತೆ ಬೆಂಕಿಯ ಕಿಡಿ. ಟೀಚರ ಕೆಂಪು ಗೆರೆ ನಿಜವಾಗಿ ಯಾವ ಪದದ ಕೆಳಗೆ ಇದೆ? ಪುಸ್ತಕ ತೆಗೆದು ಒಮ್ಮೆ ಸರಿಯಾಗಿ ನೋಡಿ ಅಣ್ಣ.

ಕುಂಬಳೆ ಮಾಷ್ಟ್ರು

ಕರಡು ತಿದ್ದುವ ತಂಗಿ ಹೇಳಿದ್ದು ಒಪ್ಪಿದೆ. ಒಂದೇ ಒಂದು ಸೇರಿಸುತ್ತೇನೆ. ಆವಿಗೂ ಅನಿಲಕ್ಕೂ ವಿಜ್ಞಾನದಲ್ಲಿ ಒಂದು ಗಡಿ ಇದೆ. ಒತ್ತಿದರೆ ಸಾಕು, ದ್ರವವಾಗುತ್ತದೆ ಅಂತಾದರೆ ಆವಿ. ಎಷ್ಟು ಒತ್ತಿದರೂ ಆಗದಿದ್ದರೆ ಅನಿಲ. ನೀರಿಗೆ ಆ ಗಡಿ 374 ಡಿಗ್ರಿ. ಅದಕ್ಕಿಂತ ಮೇಲೆ ಹೋದರೆ ಒತ್ತಿ ಪ್ರಯೋಜನ ಇಲ್ಲ. ಅಡುಗೆಮನೆಯ ಸಿಲಿಂಡರಿನಲ್ಲಿ ದ್ರವವಾಗಿ ಕುಲುಕಾಡುತ್ತದಲ್ಲ, ನಾವು ಗ್ಯಾಸ್ ಅನ್ನುವ ಆ ಗ್ಯಾಸ್ ಈ ಲೆಕ್ಕದಲ್ಲಿ ಆವಿಯೇ. ಇದನ್ನು ಹೇಳಿ ಮನೆಯಲ್ಲಿ ಇನ್ನೊಂದು ಜಗಳ ಮಾಡಿಕೊಳ್ಳಬೇಡಿ.

ಪೆರ್ಲದ ಟೈಪಿಸ್ಟ್

ಪುಸ್ತಕ ನೋಡಿದೆ. ಕೆಂಪು ಗೆರೆ 'ಆವಿ'ಯ 'ವಿ'ಯಿಂದ ಓರೆಯಾಗಿ ಶುರುವಾಗಿ 'ಹಾರುತ್ತಿತ್ತು' ದಾಟಿ ಆಚೆ ಹೋಗಿದೆ. ಎರಡೂ ಕಡೆ ವಾದ ಮಾಡಬಹುದು. ಹಾಗಾಗಿ ಇವತ್ತು ಮಗಳನ್ನು ಬಿಡಲು ಹೋದಾಗ ಟೀಚರನ್ನೇ ಕೇಳಿದೆ. ಜಗಳಕ್ಕೆ ಬಂದನೋ ಅಂತ ಅವರಿಗೆ ಮೊದಲು ಸ್ವಲ್ಪ ಗಾಬರಿ. ಆಮೇಲೆ ನಕ್ಕರು. "ಆವಿ ತಪ್ಪು ಅಂತ ನಾನು ಹೇಳಲೇ ಇಲ್ಲ. ನಮ್ಮ ಮನೆಯಲ್ಲೂ ಆವಿಯೇ. 'ಹಾರುತ್ತಿತ್ತು' ಅನ್ನುವುದನ್ನು ತಿದ್ದಿದ್ದು. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಗೆರೆ ಉದ್ದವಾಯಿತು" ಅಂದರು. ಕರಡು ತಿದ್ದುವ ಅಕ್ಕ ಇಲ್ಲಿ ಹೇಳಿದ್ದನ್ನೇ ಹೇಳಿದರು, ಹೆಚ್ಚು ಕಡಿಮೆ.

ನಿನ್ನೆ ರಾತ್ರಿ ಮಾಷ್ಟ್ರು ಹೇಳಿದ ಕೆಟಲಿನ ಪರೀಕ್ಷೆಯೂ ಆಯಿತು. ನಮ್ಮಲ್ಲಿ ಕೆಟಲ್ ಇಲ್ಲ, ಪಕ್ಕದ ಮನೆಯಿಂದ ತಂದೆವು. ಅಮ್ಮ, ಹೆಂಡತಿ, ಮಗಳು, ನಾನು, ನಾಲ್ಕು ಜನ ಒಂದು ಕೆಟಲಿನ ಮೂತಿಯನ್ನು ಬದಿಯಿಂದ ನೋಡುತ್ತಾ ನಿಂತೆವು. ಮೊದಲು ಏನೂ ಕಾಣಲಿಲ್ಲ, ಎಲ್ಲ ಬಿಳಿ. ಮಗಳು ಮೊಬೈಲಿನ ಟಾರ್ಚ್ ಹಾಕಿ ಹಿಂದೆ ಕಪ್ಪು ಕೊಡೆ ಹಿಡಿದಳು. ಆಗ ಸ್ಪಷ್ಟವಾಗಿ ಕಂಡಿತು. ಮೂತಿ, ಆಮೇಲೆ ಖಾಲಿ, ಆಮೇಲೆ ಬಿಳಿ. ಆ ಖಾಲಿ ಜಾಗವನ್ನು ತೋರಿಸಿ ಅಮ್ಮನ ಹತ್ತಿರ "ಇದು ಆವಿ" ಅಂದೆ. "ಎಲ್ಲಿ? ಏನೂ ಇಲ್ಲವಲ್ಲ" ಅಂದರು. ಅದೇ ಅಮ್ಮ, ಅದೇ ಅಂದೆ. ಪುಗೆಯೇ ಕಾಣದ ಮೇಲೆ ಹೆಸರು ಯಾಕೆ ಅಂತ ಅವರ ಪ್ರಶ್ನೆ.

ಮಗಳು ಮಾತ್ರ ಸೋಲಲಿಲ್ಲ. ಕೊಡೆಯ ಕಪ್ಪಿನ ಮೇಲೆ ಆ ಬಿಳಿ ಸುರುಳಿ ಬಿಟ್ಟುಬಿಟ್ಟು ಮೇಲೆ ಹೋಗುವುದನ್ನು ತೋರಿಸಿ, "ಇದು ಹಾರುವುದಲ್ಲದೆ ಮತ್ತೇನು?" ಅಂತ ಕೇಳಿದಳು. ನನಗೂ ಹಾರಿದ ಹಾಗೇ ಕಂಡಿತು. ಟೀಚರ ಹತ್ತಿರ ಇದನ್ನು ಹೇಳಿದಾಗ, "ಅವಳಿಗೆ ಹಾಗೆ ಕಂಡರೆ ಹಾಗೇ ಬರೆಯಲಿ, ಪರೀಕ್ಷೆಯಲ್ಲಿ ಬೇಡ" ಅಂದರು.

ನೀರ್ಚಾಲಿನ ಅಕ್ಕ, ನಾಣ್ಯದ ಉಪಾಯ ಅಮ್ಮನಿಗೆ ಹೊಸತಲ್ಲವಂತೆ. "ಅದು ಗೊತ್ತಿಲ್ಲದವರು ಯಾರು?" ಅಂದರು. ನನಗೆ ಗೊತ್ತಿರಲಿಲ್ಲ.

ಇನ್ನು ಆ ಒಂದು ಮಾರ್ಕಿನ ವಿಷಯ. ಅದು ಹೋದದ್ದು ಆವಿಗೂ ಅಲ್ಲ, ಹಾರಿದ್ದಕ್ಕೂ ಅಲ್ಲ. ಟೀಚರ್ ಪುಸ್ತಕ ತಿರುಗಿಸಿ ಪುಟದ ಮೇಲ್ಭಾಗ ತೋರಿಸಿದರು. ತಲೆಬರಹದಲ್ಲೇ 'ಮಳೆಗಾಳದ ಒಂದು ಸಂಜೆ' ಅಂತ ಬರೆದಿದ್ದಾಳೆ. 'ಳ'ಕ್ಕೆ ಸಣ್ಣದಾಗಿ ಒಂದು ಕೆಂಪು ಸುತ್ತು ಕೂಡ ಇದೆ. ಮೂರು ದಿನ ಆ ಪುಟವನ್ನು ಮನೆಯಲ್ಲಿ ಎಲ್ಲರೂ ಓದಿದ್ದೇವೆ, ಯಾರ ಕಣ್ಣಿಗೂ ಬೀಳಲಿಲ್ಲ. ಹೊಟ್ಟೆಪಾಡಿಗೆ ಅಕ್ಷರ ಹೊಡೆಯುವ ನನ್ನ ಕಣ್ಣಿಗೂ.